ಗಾಲಿಯ ಸುತ್ತು, ಸೂಜಿಯ ದಿಕ್ಕು: ಹಂಪಿ–ಆನೆಗೊಂದಿಯನ್ನು ಅಳೆದ ಕರ್ನಲ್ ಮೆಕೆಂಜಿ

ಆನೆಗೊಂದಿ: ತುಂಗಭದ್ರೆಯ ಈ ದಡದಲ್ಲಿ ನಿಂತು ನೋಡಿದರೆ ಹಂಪಿ ಕೈಗೆಟಕುವಷ್ಟು ಹತ್ತಿರ. ಹೋಗಲು ಹೊರಟರೆ ಮಾತ್ರ ಬಂಡೆ ಸುತ್ತಬೇಕು, ಗದ್ದೆಯ ಬದು ಹಿಡಿಯಬೇಕು, ಹೊಳೆ ದಾಟಬೇಕು. ಕಣ್ಣಿಗೆ ಕಾಣುವ ದೂರವೇ ಬೇರೆ, ಕಾಲು ಸವೆಸುವ ದೂರವೇ ಬೇರೆ. ಈ ಎರಡರ ನಡುವಿನ ವ್ಯತ್ಯಾಸವನ್ನು ಲೆಕ್ಕಕ್ಕೆ ತಂದು ಕಾಗದದ ಮೇಲೆ ಇಳಿಸುವುದೇ ಕಾಲಿನ್ ಮೆಕೆಂಜಿಯ ಜೀವಮಾನದ ಕಾಯಕವಾಗಿತ್ತು. ಇಂದು ಆತನ ಹೆಸರು ಕೈಫಿಯತ್ತುಗಳ ಜೊತೆಗಷ್ಟೇ ನೆನಪಾಗುತ್ತದೆ. ಆದರೆ ಮೂಲತಃ ಆತ ಅಳತೆಗಾರ.

ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದ ಸ್ಟಾರ್ನೊವೇ ಪಟ್ಟಣದಲ್ಲಿ 1754ರಲ್ಲಿ ಜನಿಸಿದ ಮೆಕೆಂಜಿ, ಕೆಲಕಾಲ ಅಲ್ಲಿಯೇ ಸುಂಕದ ಕಚೇರಿಯಲ್ಲಿ ದುಡಿದನು. ಲಾಗರಿದಮ್ ಕಂಡುಹಿಡಿದ ಜಾನ್ ನೇಪಿಯರನ ಚರಿತ್ರೆಗಾಗಿ ಭಾರತೀಯ ಗಣಿತದ ವಿವರ ಸಂಗ್ರಹಿಸುವ ಕೆಲಸವೂ ಆತನ ಪಾಲಿಗೆ ಬಂದಿತ್ತು. 1783ರಲ್ಲಿ ಮದರಾಸಿಗೆ ಬಂದು ಈಸ್ಟ್ ಇಂಡಿಯಾ ಕಂಪನಿಯ ಎಂಜಿನಿಯರ್ ದಳ ಸೇರಿದನು. 1790ರ ದಶಕದ ಬಹುಭಾಗ ಕಳೆದದ್ದು ನಿಜಾಮನ ಸೀಮೆಯ ದಾರಿಗಳಲ್ಲಿ.

ಆ ದಾರಿಗಳನ್ನು ಅಳೆಯುತ್ತಿದ್ದ ಬಗೆ ಕುತೂಹಲಕರ. ಅಂದಿನ ಸಮೀಕ್ಷಕರ ಬಳಿ ಪೆರಾಂಬ್ಯುಲೇಟರ್ ಎಂಬ ಅಳತೆಯ ಗಾಲಿ ಇರುತ್ತಿತ್ತು. ಹಿಡಿಕೆ ಹಿಡಿದು ಆಳೊಬ್ಬ ಅದನ್ನು ತಳ್ಳಿಕೊಂಡು ನಡೆಯುತ್ತಿದ್ದನು. ಗಾಲಿ ಉರುಳಿದಷ್ಟೂ ಹಲ್ಲುಚಕ್ರಗಳು ತಿರುಗಿ ಮುಳ್ಳು ಮುಂದೆ ಸರಿಯುತ್ತಿತ್ತು. 8 ಅಡಿ 3 ಅಂಗುಲ ಸುತ್ತಳತೆಯ ಗಾಲಿಯಾದರೆ 640 ಸುತ್ತಿಗೆ ಸರಿಯಾಗಿ ಒಂದು ಮೈಲಿ. ಇಂದಿನ ವಾಹನಗಳಲ್ಲಿ ಗಾಲಿಯ ಹಲ್ಲುಗಳನ್ನು ಆಯಸ್ಕಾಂತೀಯ ಸಂವೇದಕವೊಂದು ಎಣಿಸುತ್ತದೆ. ಎಣಿಸುವ ಕೈ ಬದಲಾಗಿದೆ, ತತ್ತ್ವ ಬದಲಾಗಿಲ್ಲ.

ಗಾಲಿಗೆ ಒಂದು ದೋಷವಿತ್ತು. ಎಷ್ಟು ಉರುಳಿದೆ ಎಂಬುದನ್ನು ಅದು ಬಲ್ಲದೇ ಹೊರತು ಯಾವ ಕಡೆಗೆ ಎಂಬುದನ್ನು ಅರಿಯದು. ಏರಿದ್ದು, ಇಳಿದದ್ದು, ಬಳಸಿದ್ದು ಎಲ್ಲವೂ ಅದರ ಲೆಕ್ಕದಲ್ಲಿ ದೂರವೇ. ಆದ್ದರಿಂದ ದಾರಿ ತಿರುಗಿದಲ್ಲೆಲ್ಲ ದಿಕ್ಸೂಚಿಯ ಸೂಜಿ ನೋಡಿ ಕೋನ ಬರೆದುಕೊಳ್ಳಬೇಕಿತ್ತು. ಹೀಗೆ ಡೊಂಕು ದಾರಿ ಹತ್ತಾರು ನೇರ ತುಂಡುಗಳಾಗಿ ಕಾಗದಕ್ಕೆ ಬರುತ್ತಿತ್ತು. ಆ ಸೂಜಿಯನ್ನಾದರೂ ಕಣ್ಣುಮುಚ್ಚಿ ನಂಬುವಂತಿರಲಿಲ್ಲ. ಕಬ್ಬಿಣದ ಅದಿರಿನ ಗುಡ್ಡಗಳ ಬಳಿ ಅದು ದಿಕ್ಕು ತಪ್ಪುವುದುಂಟು. ಹೊಳೆಯ ಆಚೆ ಸಂಡೂರಿನ ಬೆಟ್ಟಸಾಲು ಎಂಥದ್ದೆಂದು ಈ ಭಾಗದವರಿಗೆ ಹೇಳಬೇಕಾಗಿಲ್ಲ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದಿತು. ಆ ಮುತ್ತಿಗೆಯಲ್ಲಿ ಎಂಜಿನಿಯರನಾಗಿದ್ದ ಮೆಕೆಂಜಿಗೆ ಮೈಸೂರು ಸೀಮೆಯ ಸಮೀಕ್ಷೆಯನ್ನು ವಹಿಸಲಾಯಿತು. ಗೆದ್ದವರು ಹಂಚಿಕೊಂಡ ನಾಡು ಅದು. ಯಾವ ಹಳ್ಳಿ ಯಾರ ಪಾಲು, ಎಷ್ಟು ಕೆರೆ, ಎಷ್ಟು ಕಂದಾಯ ಎಂಬ ಪ್ರಶ್ನೆಗಳಿಗೆ ನಕ್ಷೆಯಿಲ್ಲದೆ ಉತ್ತರವಿರಲಿಲ್ಲ. ಅಳತೆಯೆಂಬುದು ಬರಿಯ ವಿದ್ಯೆಯಲ್ಲ, ಅಧಿಕಾರವೂ ಹೌದು ಎಂಬುದನ್ನು ಇಲ್ಲಿ ಮರೆಯಲಾಗದು.

ಸರಿಸುಮಾರು ಇದೇ ಹೊತ್ತಿಗೆ, 1799–1800ರ ಸುಮಾರಿನಲ್ಲಿ, ಆತ ಹಂಪಿ ಮತ್ತು ಆನೆಗೊಂದಿಗೆ ಬಂದನು. ಪಾಳುಬಿದ್ದ ವಿಜಯನಗರದ ಮೊದಲ ಸಮೀಕ್ಷಾ ನಕ್ಷೆ ಸಿದ್ಧವಾದದ್ದು ಆತನಿಂದಲೇ. ಆನೆಗೊಂದಿಯ ಅರಸು ಮನೆತನದವರ ಬಾಯಿಂದ ವಂಶದ ಚರಿತ್ರೆಯನ್ನೂ ಬರೆಸಿಕೊಂಡನು. 1800ರ ಒಪ್ಪಂದದಂತೆ ಬಳ್ಳಾರಿ ಸೀಮೆ ಕಂಪನಿಯ ವಶವಾಗಿ, ಆನೆಗೊಂದಿ ನಿಜಾಮನ ಕಡೆಗೆ ಉಳಿಯಿತು. ಒಂದೇ ರಾಜಧಾನಿಯ ಎರಡು ದಡಗಳು ಎರಡು ಸರಕಾರಗಳಿಗೆ ಸೇರಿದವು; 1948ರವರೆಗೂ ಹಾಗೆಯೇ ನಡೆಯಿತು.

ಗಾಲಿ, ಸೂಜಿ ಎರಡೂ ಸೋಲುವ ನೆಲ ಇದು. ಹೊಳೆಯ ಮೇಲೆ ಗಾಲಿ ಉರುಳದು, ಬಂಡೆಗಳ ರಾಶಿಯ ಮೇಲೂ ಉರುಳದು. ಇಂಥಲ್ಲಿ ನೆರವಾಗುವುದು ತ್ರಿಕೋನ ವಿಧಾನ. ಸಮತಟ್ಟಾದ ನೆಲದಲ್ಲಿ ಒಂದೇ ಒಂದು ನೇರ ಗೆರೆಯನ್ನು ಸರಪಳಿಯಿಂದ ಜಾಗರೂಕತೆಯಿಂದ ಅಳೆದು, ಅದರ ಎರಡೂ ತುದಿಗಳಿಂದ ಬೆಟ್ಟದ ತುದಿಗೆ ಥಿಯೋಡೊಲೈಟ್ ಹಿಡಿದರೆ, ಮಿಕ್ಕ ದೂರಗಳು ಲೆಕ್ಕದಿಂದ ದೊರೆಯುತ್ತವೆ. ಮೆಕೆಂಜಿಯ ಮೈಸೂರು ಸಮೀಕ್ಷೆ ನಿಂತದ್ದು ಈ ವಿಧಾನದ ಮೇಲೆ. 1800ರ ಕೊನೆಯಲ್ಲಿ ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಬಳಿ ಸುಮಾರು ಏಳೂವರೆ ಮೈಲಿಯ ಗೆರೆಯನ್ನು 100 ಅಡಿಯ ಉಕ್ಕಿನ ಸರಪಳಿಯಿಂದ ಅಳೆದನು. ಬಿಸಿಲಿಗೆ ಉಕ್ಕು ಹಿಗ್ಗುವುದನ್ನೂ ಉಷ್ಣಮಾಪಕ ಇಟ್ಟು ಲೆಕ್ಕಹಾಕಿದನು. ನಮ್ಮ ರೈತರ ಗುಂಟೆಯೂ 33 ಅಡಿಯ ಸರಪಳಿಯ ಚಚ್ಚೌಕವೇ ಅಲ್ಲವೇ?

ಮೈಸೂರಿನ ಕೆಲಸ ಸುಗಮವಾಗಿರಲಿಲ್ಲ. ಕಂಪನಿಯ ನಿರ್ದೇಶಕರು ಖರ್ಚಿಗೆ ಕತ್ತರಿ ಹಾಕಿದರು. ಕಾಡುಜ್ವರ ಸಹಾಯಕರನ್ನೂ ಮೆಕೆಂಜಿಯನ್ನೂ ಬಿಡಲಿಲ್ಲ. ಆತನಿಗೆ ಈ ನೆಲದ ಯಾವ ಭಾಷೆಯೂ ಬರುತ್ತಿರಲಿಲ್ಲ. ಊರೂರು ತಿರುಗಿ ಶಾಸನ ಓದಿಸಿ, ಶಾನುಭೋಗರಿಂದ ಕಡತ ಪಡೆದು ತಂದವರು ಕಾವಲಿ ವೆಂಕಟ ಬೋರಯ್ಯ, ಆತನ ತಮ್ಮ ಲಕ್ಷ್ಮಯ್ಯ ಹಾಗೂ ಮಲೆಯೂರಿನ ಜೈನ ಪಂಡಿತ ಧರ್ಮಯ್ಯ ಮೊದಲಾದವರು. ಏಲೂರಿನ ಬೋರಯ್ಯ 1803ರಲ್ಲಿ ಕಾಲವಾದನು. ಸಮೀಕ್ಷೆಯ ಕೀರ್ತಿಯೆಲ್ಲ ಒಬ್ಬನ ಹೆಸರಿಗೇ ಸಂದದ್ದು ನ್ಯಾಯವೆನಿಸುವುದಿಲ್ಲ. ಥಾಮಸ್ ಹಿಕ್ಕಿ 1816ರಲ್ಲಿ ಬರೆದ ಚಿತ್ರದಲ್ಲಾದರೂ ಕೆಂಪು ಕೋಟಿನ ಮೆಕೆಂಜಿಯ ಸುತ್ತ ಮೂವರು ಭಾರತೀಯರು ನಿಂತಿದ್ದಾರೆ, ಹಿನ್ನೆಲೆಯಲ್ಲಿ ಗೊಮ್ಮಟನಿದ್ದಾನೆ.

ಸುಮಾರು 40,000 ಚದರ ಮೈಲಿಗಳ ಸಮೀಕ್ಷೆ ಮುಗಿದ ಬಳಿಕ 1810ರಲ್ಲಿ ಮೆಕೆಂಜಿ ಮದರಾಸಿನ ಸರ್ವೇಯರ್ ಜನರಲ್ ಆದನು. ನಡುವೆ ಜಾವಾ ದಂಡಯಾತ್ರೆಗೆ ಹೋಗಿ ಅಲ್ಲಿಯೇ ವಿವಾಹವಾದನು. 1815ರಲ್ಲಿ ಭಾರತದ ಮೊದಲ ಸರ್ವೇಯರ್ ಜನರಲ್ ಹುದ್ದೆ ಒಲಿಯಿತು. 1821ರ ಮೇ 8ರಂದು ಕಲ್ಕತ್ತೆಯ ಸಮೀಪ ನಿಧನ ಹೊಂದಿದನು. ಅಲ್ಲಿನ ಸೌತ್ ಪಾರ್ಕ್ ಸ್ಟ್ರೀಟ್ ಸ್ಮಶಾನದಲ್ಲಿ ಆತನ ಸಮಾಧಿ ಇದೆ.

ಆತ ಬಿಟ್ಟುಹೋದ ಸಂಗ್ರಹದಲ್ಲಿ 8,076 ಶಾಸನ ಪ್ರತಿಗಳು, 1,568 ಹಸ್ತಪ್ರತಿಗಳು, 2,630 ಚಿತ್ರಗಳು, 6,218 ನಾಣ್ಯಗಳು ಹಾಗೂ 79 ನಕ್ಷೆಗಳಿದ್ದವು. ಕಂಪನಿ ಅದನ್ನು ಆತನ ಪತ್ನಿಯಿಂದ 10,000 ಪೌಂಡುಗಳಿಗೆ ಕೊಂಡಿತು. ಒಂದು ಪಾಲು ಲಂಡನ್ನಿಗೆ ಹೋಯಿತು, ಇನ್ನೊಂದು ಮದರಾಸಿಗೆ ಮರಳಿತು. ಅದರಲ್ಲಿನ ಕನ್ನಡ ಕೈಫಿಯತ್ತುಗಳನ್ನು ಮುಂದೆ ಎಂ.ಎಂ. ಕಲಬುರ್ಗಿ ಸಂಪಾದಿಸಿದರು. ಪ್ರಕಟಿಸಿದ್ದು ಆತ ಅಳೆದ ಹಂಪಿಯಲ್ಲಿಯೇ ಇರುವ ಕನ್ನಡ ವಿಶ್ವವಿದ್ಯಾಲಯ.