ರೈಲಿನ ನಷ್ಟಕ್ಕೆ ಬಸ್ಸಿನ ಮದ್ದು: ಕೊನೆಯ ನಿಜಾಮರ ಸಾರಿಗೆ ಪರಂಪರೆ

ಇರಕಲ್ಲಗಡ ಸೇರಿದಂತೆ ಇಂದಿನ ಕೊಪ್ಪಳ ಸೀಮೆ ಒಂದು ಕಾಲಕ್ಕೆ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. ಅದರ ಕೊನೆಯ ದೊರೆ ಮೀರ್ ಉಸ್ಮಾನ್ ಅಲಿ ಖಾನ್ 1886ರಲ್ಲಿ ಜನಿಸಿ, 1911ರಲ್ಲಿ ಪಟ್ಟವೇರಿದರು. ಅಪಾರ ಸಿರಿವಂತಿಕೆಗೂ ಅಷ್ಟೇ ಜಿಪುಣತನಕ್ಕೂ ಅವರು ಹೆಸರಾಗಿದ್ದರು.

1930ರಲ್ಲಿ ಅವರ ಸರ್ಕಾರ ಸಂಸ್ಥಾನದ ರೈಲ್ವೆಯನ್ನು ಬ್ರಿಟಿಷ್ ಕಂಪನಿಯಿಂದ ಖರೀದಿಸಿತು. ಆದರೆ ಜಗತ್ತು ಆರ್ಥಿಕ ಕುಸಿತದಲ್ಲಿದ್ದ ಆ ದಿನಗಳಲ್ಲೇ ಖಾಸಗಿ ಮೋಟಾರುಗಳು ರೈಲಿನ ಪ್ರಯಾಣಿಕರನ್ನು ಸೆಳೆಯತೊಡಗಿದ್ದವು. ರೈಲ್ವೆಯೇ ಬಸ್ಸನ್ನೂ ಓಡಿಸುವುದು ಸರ್ಕಾರ ಕಂಡುಕೊಂಡ ದಾರಿ. 1932ರ ಜೂನ್‌ನಲ್ಲಿ 27 ಬಸ್ಸು, 166 ನೌಕರರೊಂದಿಗೆ ರೈಲ್ವೆಯ ರಸ್ತೆ ಸಾರಿಗೆ ವಿಭಾಗ ಆರಂಭವಾಯಿತು. ಒಂದೇ ಆಡಳಿತಕ್ಕೆ ಬಂದ ಮೇಲೆ ಬಸ್ಸು ರೈಲಿನ ಎದುರಾಳಿಯಾಗಿ ಉಳಿಯದೆ, ಹಳಿಯಿಲ್ಲದ ಊರುಗಳನ್ನು ನಿಲ್ದಾಣಕ್ಕೆ ಬೆಸೆಯುವ ಒಡನಾಡಿಯಾಯಿತು.

ರಜಾಕಾರರ ಹಾವಳಿಯ ಕಳಂಕ ಹೊತ್ತ ನಿಜಾಮರ ಆಳ್ವಿಕೆ 1948ರ ಸೆಪ್ಟೆಂಬರ್ 17ರಂದು ಅಂತ್ಯಗೊಂಡಿತು. 1951ರಲ್ಲಿ ಬಸ್ ವಿಭಾಗ ರೈಲ್ವೆಯಿಂದ ಬೇರ್ಪಟ್ಟು ಹೈದರಾಬಾದ್ ರಾಜ್ಯ ಸರ್ಕಾರದ ವಶಕ್ಕೆ ಬಂತು. 1956ರಲ್ಲಿ ಕನ್ನಡ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದವು. ಉಸ್ಮಾನ್ ಅಲಿ ಖಾನ್ 1967ರಲ್ಲಿ ನಿಧನರಾದರು.

ಈ ಸೀಮೆಯ ಜನ ಆ ಅರಸೊತ್ತಿಗೆಯನ್ನು ತಿರಸ್ಕರಿಸಿದರು. ಸರ್ಕಾರವೇ ಬಸ್ ಓಡಿಸುವ ಪದ್ಧತಿಯನ್ನು ಉಳಿಸಿಕೊಂಡರು. ಇರಕಲ್ಲಗಡ ಇಂದು ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ ವ್ಯಾಪ್ತಿಯಲ್ಲಿದೆ.