ಡೀಸೆಲ್ ಬಿಟ್ಟುಹೋದ ಪ್ರಶ್ನೆ

ಡೀಸೆಲ್ ಎಂದರೆ ನಮಗೆ ಪೆಟ್ರೋಲ್ ಬಂಕಿನಲ್ಲಿ ಸಿಗುವ ಎಣ್ಣೆ. ಅದೊಬ್ಬ ಮನುಷ್ಯನ ಹೆಸರು, ಆತನೂ ನಮ್ಮಂತೆ ಊರಿಂದ ಊರಿಗೆ ಹೋಗಿ ಬದುಕು ಕಟ್ಟಿಕೊಂಡವನು ಎಂಬುದು ಮರೆತೇ ಹೋಗಿದೆ. ಮಾಟುಂಗದಲ್ಲಿ ಎಣ್ಣೆ, ಕೊಬ್ಬುಗಳ ರಸಾಯನ ವಿಜ್ಞಾನದೊಂದಿಗೆ ದಿನ ಕಳೆಯುವ ನನ್ನಂಥವರಿಗೆ ಆತ ಆಗಾಗ ನೆನಪಾಗುತ್ತಾನೆ. ಶತಮಾನದ ಹಿಂದೆ ಆತ ಎತ್ತಿಕೊಂಡ ಕೆಲಸದ ಒಂದು ತುಣುಕು ಇನ್ನೂ ನಮ್ಮ ಮೇಜಿನ ಮೇಲಿದೆ.

ರುಡಾಲ್ಫ್ ಡೀಸೆಲ್ ಹುಟ್ಟಿದ್ದು 1858ರ ಮಾರ್ಚ್ 18ರಂದು, ಪ್ಯಾರಿಸ್‌ನಲ್ಲಿ. ತಂದೆ ತಾಯಿ ಅಲ್ಲಿಗೆ ವಲಸೆ ಬಂದಿದ್ದ ಜರ್ಮನ್ನರು. ತಂದೆಯದು ಪುಸ್ತಕಕ್ಕೆ ರಟ್ಟು ಕಟ್ಟುವ, ಚರ್ಮದ ಸಾಮಾನು ಮಾಡುವ ಕಸುಬು. 1870ರಲ್ಲಿ ಫ್ರಾನ್ಸ್ ಮತ್ತು ಜರ್ಮನ್ನರ ನಡುವೆ ಯುದ್ಧ ಶುರುವಾದಾಗ ಈ ಕುಟುಂಬ ಪ್ಯಾರಿಸ್ ಬಿಟ್ಟು ಲಂಡನ್ನಿಗೆ ಹೋಗಬೇಕಾಯಿತು. ಅಲ್ಲಿ ಕೈ ತೀರಾ ಗಿಡ್ಡವಾಗಿತ್ತು. ಹನ್ನೆರಡು ವರ್ಷದ ಹುಡುಗನನ್ನು ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿದ್ದ ಬಂಧುಗಳ ಮನೆಗೆ ಕಳಿಸಿದರು. ಅಲ್ಲಿಂದ ಮುಂದೆ ವಿದ್ಯೆಯೇ ಆತನ ಆಸ್ತಿ.

ಮ್ಯೂನಿಕ್‌ನಲ್ಲಿ ಎಂಜಿನಿಯರಿಂಗ್ ಓದುವಾಗ ಶೈತ್ಯಯಂತ್ರಗಳ ಪಿತಾಮಹ ಕಾರ್ಲ್ ಫಾನ್ ಲಿಂಡೆ ಆತನಿಗೆ ಗುರು. 1880ರಲ್ಲಿ ಪದವಿ ಪಡೆದು, ಗುರುವಿನ ಕಂಪನಿಯ ಕೆಲಸಕ್ಕೆಂದೇ ಮತ್ತೆ ಪ್ಯಾರಿಸ್ ಸೇರಿದ. ಐಸ್ ಮಾಡುವ ಕಾರ್ಖಾನೆಯ ಕೆಲಸ ಮಾಡುತ್ತಲೇ ಒಂದು ಯೋಚನೆಗೆ ಬಿದ್ದ. ಆ ಕಾಲದ ಉಗಿಯಂತ್ರಗಳು ಕಲ್ಲಿದ್ದಲಿನ ಶಾಖದ ಬಹುಪಾಲನ್ನು ಪೋಲು ಮಾಡುತ್ತಿದ್ದವು. ಗಾಳಿಯನ್ನು ಬಲವಾಗಿ ಅದುಮಿದರೆ ಅದು ಕಾಯುತ್ತದೆ. ಆ ಬಿಸಿಗೇ ಇಂಧನ ಹೊತ್ತಿಕೊಳ್ಳುವಂತಿದ್ದರೆ ಕಿಡಿಯ ಹಂಗೇ ಬೇಡ. 1893ರಲ್ಲಿ ಈ ಕಲ್ಪನೆಗೆ ಪೇಟೆಂಟ್ ಸಿಕ್ಕಿತು. ಅದೇ ವರ್ಷ ಆಗ್ಸ್‌ಬರ್ಗ್‌ನಲ್ಲಿ ನಡೆದ ಮೊದಲ ಪ್ರಯೋಗದಲ್ಲಿ ಯಂತ್ರದ ಒಂದು ಭಾಗ ಸಿಡಿಯಿತು. ನಾಲ್ಕು ವರ್ಷದ ಪಟ್ಟಿನ ನಂತರ, 1897ರ ಫೆಬ್ರವರಿ 17ರ ಅಧಿಕೃತ ಪರೀಕ್ಷೆಯಲ್ಲಿ, ಎಂಜಿನ್ ಇಂಧನದ ಶಾಖದಲ್ಲಿ ಶೇ 26ರಷ್ಟನ್ನು ಕೆಲಸವಾಗಿ ಪರಿವರ್ತಿಸಿತು. ಜಗತ್ತು ಬೆರಗಾಯಿತು.

1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಇಂಥದೊಂದು ಸಣ್ಣ ಎಂಜಿನ್ ಕಡಲೆಕಾಯಿ ಎಣ್ಣೆಯಲ್ಲಿ ಓಡಿತು. ನೋಡಿದವರಲ್ಲಿ ಹೆಚ್ಚಿನವರಿಗೆ ಅದು ಗೊತ್ತೇ ಆಗಲಿಲ್ಲ. ಕಡಲೆಕಾಯಿ ಬೆಳೆಯುವ ಆಫ್ರಿಕದ ವಸಾಹತುಗಳು ತಮ್ಮ ಇಂಧನ ತಾವೇ ಮಾಡಿಕೊಳ್ಳಲಿ ಎಂಬುದು ಫ್ರೆಂಚ್ ಸರ್ಕಾರದ ಲೆಕ್ಕ. ಡೀಸೆಲ್‌ಗೂ ಆ ದಾರಿ ಹಿಡಿಸಿತು. 1912ರಲ್ಲಿ ಲಂಡನ್ನಿನ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಸ್ಥೆಯಲ್ಲಿ ಮಂಡಿಸಿದ ಪ್ರಬಂಧದಲ್ಲಿ ಹರಳೆಣ್ಣೆ ಮಾತ್ರವಲ್ಲ, ಕಡಲಪ್ರಾಣಿಗಳ ಕೊಬ್ಬಿನ ಎಣ್ಣೆಯೂ ಎಂಜಿನ್ನಿಗೆ ಒಗ್ಗಿದ್ದನ್ನು ಆತ ದಾಖಲಿಸಿದ.

ಹೆಸರು ಬಂದಷ್ಟು ನೆಮ್ಮದಿ ಬರಲಿಲ್ಲ. ಪೇಟೆಂಟ್ ಜಗಳ, ಕೆಟ್ಟ ಹೂಡಿಕೆ, ಕೈಕೊಟ್ಟ ಆರೋಗ್ಯ. 1913ರ ಸೆಪ್ಟೆಂಬರ್ 29ರ ರಾತ್ರಿ ಆಂಟ್‌ವರ್ಪ್‌ನಿಂದ ಇಂಗ್ಲೆಂಡಿಗೆ ಹೊರಟ ಡ್ರೆಸ್ಡೆನ್ ಹಡಗಿನಲ್ಲಿ ಊಟ ಮುಗಿಸಿ ಕೋಣೆಗೆ ಹೋದವನು ಬೆಳಗ್ಗೆ ಇರಲಿಲ್ಲ. ಕೆಲವು ದಿನಗಳ ನಂತರ ಸಮುದ್ರದಲ್ಲಿ ಸಿಕ್ಕ ದೇಹದ ಜೇಬಿನ ವಸ್ತುಗಳನ್ನು ಮಗ ಗುರುತಿಸಿದ. ಆಗ ಆತನಿಗೆ 55 ವರ್ಷ. ಸಾವು ಹೇಗಾಯಿತೆಂಬುದು ಇವತ್ತಿಗೂ ಬಗೆಹರಿದಿಲ್ಲ.

ಎಂಜಿನ್ ಉಳಿಯಿತು, ಬೆಳೆಯಿತು. ಆದರೆ ಅಗ್ಗದ ಪೆಟ್ರೋಲಿಯಂಗೆ ಒಗ್ಗಿಕೊಂಡು. ಎಣ್ಣೆ, ಕೊಬ್ಬುಗಳು ಅದಕ್ಕೆ ತೀರಾ ಮಂದವಾದವು. 1937ರಲ್ಲಿ ಬೆಲ್ಜಿಯಂನ ಶವಾನ್ ಎಂಬ ವಿಜ್ಞಾನಿ ಎಣ್ಣೆಯನ್ನು ಆಲ್ಕೋಹಾಲ್ ಜತೆ ವರ್ತಿಸುವಂತೆ ಮಾಡಿ ತೆಳುವಾಗಿಸುವ ದಾರಿಗೆ ಪೇಟೆಂಟ್ ಪಡೆದ. ಇಂದಿನ ಬಯೋಡೀಸೆಲ್‌ನ ಬೇರು ಅದು. ಹೊಂಗೆ ಎಣ್ಣೆಯಿಂದಲೂ ಆಗುತ್ತದೆ; ಕಸಾಯಿಖಾನೆಯಲ್ಲಿ ಉಳಿಯುವ, ಚರ್ಮ ಹದ ಮಾಡುವಾಗ ಹೆರೆದು ತೆಗೆಯುವ ಕೊಬ್ಬಿನಿಂದಲೂ ಆಗುತ್ತದೆ.

ಉರಿಸುವ ಪ್ರಶ್ನೆಗೆ ಡೀಸೆಲ್ ಉತ್ತರ ಕೊಟ್ಟ. ಇಟ್ಟುಕೊಳ್ಳುವ ಪ್ರಶ್ನೆ ನಮ್ಮ ಪಾಲಿಗೆ ಬಂತು. 1943ರಿಂದ ಮಾಟುಂಗದಲ್ಲಿರುವ, ಯುಡಿಸಿಟಿ ಎಂದೇ ಹಳಬರು ಕರೆಯುವ ರಾಸಾಯನಿಕ ತಂತ್ರಜ್ಞಾನ ಸಂಸ್ಥೆಯಲ್ಲಿ ಎಣ್ಣೆಗಳಿಗೆಂದೇ ಒಂದು ವಿಭಾಗವಿದೆ. ಎಣ್ಣೆಯ ರಸಾಯನ ಕಲಿತವರಿಗೆ ಹೊಸದಲ್ಲದ ಸಂಗತಿಯಿದು: ಹಳೆಯ ಚಕ್ಕುಲಿ ಡಬ್ಬಿ ತೆರೆದಾಗ ಬರುವ ಕಮಟು ವಾಸನೆಗೂ ತೊಟ್ಟಿಯಲ್ಲಿ ಕೆಡುವ ಬಯೋಡೀಸೆಲ್‌ಗೂ ಕಾರಣ ಒಂದೇ, ಗಾಳಿಯ ಆಮ್ಲಜನಕ. ಮೊದಲು ಪೆರಾಕ್ಸೈಡ್, ಆಮೇಲೆ ಆಮ್ಲ, ಕೊನೆಗೆ ಫಿಲ್ಟರ್ ಕಟ್ಟುವ ಅಂಟು.

ದನದ ಕೊಬ್ಬಿನಲ್ಲಿ ಆಮ್ಲಜನಕಕ್ಕೆ ಸುಲಭವಾಗಿ ಬಗ್ಗದ ಅಣುಗಳು ಸುಮಾರು ಅರ್ಧದಷ್ಟಿವೆ. ಅದು ಬಹುಕಾಲ ಬಾಳಬೇಕಿತ್ತಲ್ಲ? ಆದರೆ ಗಿಡದೆಣ್ಣೆಗಳಲ್ಲಿ ಸಹಜವಾಗಿರುವ ವಿಟಮಿನ್ ಇ ಬಗೆಯ ರಕ್ಷಕಗಳು ಅದರಲ್ಲಿ ತೀರಾ ಕಡಿಮೆ. ಕಾವಲುಗಾರನಿಲ್ಲದ ಗಟ್ಟಿ ಮನೆಯಂತೆ. ಚಳಿ ಬಂದರೆ ಇನ್ನೊಂದು ತೊಡಕು: 15 ಡಿಗ್ರಿ ಆಸುಪಾಸಿನಲ್ಲೇ ಅದು ಮಬ್ಬಾಗಿ ಹರಳುಗಟ್ಟತೊಡಗುತ್ತದೆ. ಮುಂಬೈಯಲ್ಲಿ ಈ ಭಯ ಕಡಿಮೆ. ಇಲ್ಲಿನ ಶತ್ರು ಮಳೆಗಾಲದ ತೇವ. ಬಯೋಡೀಸೆಲ್ ನೀರನ್ನು ಹೀರುತ್ತದೆ, ನೀರಿದ್ದಲ್ಲಿ ಸೂಕ್ಷ್ಮಜೀವಿ ಬೆಳೆಯುತ್ತದೆ.

2020ರ ಅಕ್ಟೋಬರ್ 12ರಂದು, ಕೋವಿಡ್ ನಡುವೆ, ಮುಂಬೈಯ ವಿದ್ಯುತ್ ಜಾಲ ಕುಸಿದದ್ದು ಇಲ್ಲಿದ್ದವರಿಗೆ ನೆನಪಿರಬಹುದು. ಕರೆಂಟ್ ಹೋಗುವುದೇ ಅಪರೂಪವಾದ ಊರಿನಲ್ಲಿ ಜನರೇಟರ್ ತೊಟ್ಟಿಯ ಇಂಧನ ತಿಂಗಳುಗಟ್ಟಲೆ ಅಲುಗದೆ ನಿಂತಿರುತ್ತದೆ. ಆಸ್ಪತ್ರೆಯ ಐಸಿಯುಗೆ ಬೇಕಾದ ಆ ನಿಮಿಷದಲ್ಲಿ ಫಿಲ್ಟರ್ ಕಟ್ಟಿಕೊಂಡರೆ, ಇಂಧನ ಎಷ್ಟು ಹಸಿರೆಂಬುದಕ್ಕೆ ಬೆಲೆಯಿಲ್ಲ. ಯುರೋಪಿನ ಮಾನದಂಡ ಬಯೋಡೀಸೆಲ್ 110 ಡಿಗ್ರಿಯಲ್ಲಿ ಗಾಳಿಯೂದಿದರೂ 8 ಗಂಟೆ ತಾಳಬೇಕೆನ್ನುವುದು ಇದಕ್ಕೇ.

ಉಪಾಯ ದೊಡ್ಡದೇನಲ್ಲ. ಟಿಬಿಎಚ್‌ಕ್ಯೂನಂಥ ರಕ್ಷಕವನ್ನು ಇಂಧನ ತಾಜಾ ಇರುವಾಗಲೇ ಬೆರೆಸಬೇಕು. ಕೆಟ್ಟ ಮೇಲೆ ಸುರಿದು ಪ್ರಯೋಜನವಿಲ್ಲ. ತಾಮ್ರ, ಹಿತ್ತಾಳೆ ಸೋಕಬಾರದು. ತೊಟ್ಟಿ ತುಂಬಿರಬೇಕು, ತಳದ ನೀರು ತೆಗೆಯುತ್ತಿರಬೇಕು, ಕೆಲವು ತಿಂಗಳಿಗೊಮ್ಮೆ ಪರೀಕ್ಷಿಸಬೇಕು. ನಿಮ್ಮ ಸೊಸೈಟಿಯ ಸಭೆಯಲ್ಲಿ ಜನರೇಟರ್ ಮಾತು ಬಂದರೆ, ತೊಟ್ಟಿಯಲ್ಲಿ ಏನಿದೆ, ತುಂಬಿಸಿದ್ದು ಯಾವಾಗ ಎಂದು ಒಮ್ಮೆ ಕೇಳಿ.