ದಪ್ಪ ಕಣ, ಸಣ್ಣ ಕಣ: ಲೂಸಿ ವಿಲ್ಸ್ ಎಂಬ ಡಾಕ್ಟರಮ್ಮನ ಕತೆ

ಕಳೆದ ಸೆಮಿಸ್ಟರ್‌ನಲ್ಲಿ ಕಾಲೇಜಲ್ಲಿ ರಕ್ತದಾನ ಶಿಬಿರ ಇತ್ತು. ನಮ್ಮ ಹಾಸ್ಟೆಲಿಂದ ಒಂಬತ್ತು ಜನ ಹುಡುಗೀರು ಬಹಳ ಉತ್ಸಾಹದಿಂದ ಹೋದ್ವಿ. ಬೆರಳಿಗೆ ಸೂಜಿ ಚುಚ್ಚಿ ನೋಡಿ ಆರು ಜನರನ್ನ ವಾಪಸ್ ಕಳಿಸಿದ್ರು. ರಕ್ತ ಕೊಡೋಕೆ ಹಿಮೋಗ್ಲೋಬಿನ್ ಕನಿಷ್ಠ 12.5 ಇರಬೇಕು, ನಂದು 10.4 ಇತ್ತು. ಕೊಡೋಕೆ ಹೋದವಳಿಗೆ ನಿನಗೇ ಬೇಕಮ್ಮ ಅಂತ ಹೇಳಿ ಕಳಿಸಿದ ಹಾಗಾಯ್ತು. ಅಲ್ಲಿದ್ದ ಸಿಸ್ಟರ್ ಎರಡು ಮಾತು ಹೇಳಿದ್ರು: ಕಬ್ಬಿಣದ ಮಾತ್ರೆ ತಗೊಂಡಾಗ ನಿಂಬೆಹಣ್ಣಿನ ಪಾನಕ ಕುಡಿ, ಊಟದ ಜೊತೆ ಟೀ ಕುಡೀಬೇಡ. ಯಾಕೆ ಅಂತ ಕೇಳೋಷ್ಟರಲ್ಲಿ ಮುಂದಿನವರ ಸರದಿ ಬಂದಿತ್ತು.

ಆ ‘ಯಾಕೆ’ ಹುಡುಕ್ತಾ ಹೋದಾಗ ನನಗೆ ಸಿಕ್ಕಿದ್ದು ಲೂಸಿ ವಿಲ್ಸ್. ಇವತ್ತು ಬಸುರಿಯರಿಗೆ, ಶಾಲೆ ಮಕ್ಕಳಿಗೆ ಸರ್ಕಾರ ಕೊಡೋ ಮಾತ್ರೆಯಲ್ಲಿ ಎರಡು ವಸ್ತು ಇರುತ್ತೆ: ಕಬ್ಬಿಣ ಮತ್ತು ಫೋಲಿಕ್ ಆಮ್ಲ. ಈ ಎರಡರ ಹಿಂದೆಯೂ ಈಕೆಯ ದುಡಿಮೆ ಇದೆ. ಅದರಲ್ಲಿ ಒಂದು ಭಾಗ ನಡೆದದ್ದು ನಮ್ಮ ಗುಂಡ್ಲುಪೇಟೆಯಿಂದ ಒಂದು ಘಟ್ಟ ಹತ್ತಿದರೆ ಸಿಗುವ ಕೂನೂರಿನಲ್ಲಿ. ಬಂಡೀಪುರದ ಕಾಡು ದಾಟಿ ಊಟಿಗೆ ಹೋಗುವ ಹೆದ್ದಾರಿ ಗುಂಡ್ಲುಪೇಟೆಯಲ್ಲೇ ಶುರುವಾಗೋದು. ಅದೇ ರಸ್ತೆ ಮುಂದೆ ಕೂನೂರಿಗೆ ಇಳಿಯುತ್ತೆ.

ಲೂಸಿ ಹುಟ್ಟಿದ್ದು 1888ರ ಮೇ 10ರಂದು, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಹತ್ತಿರದ ಸಟನ್ ಕೋಲ್ಡ್‌ಫೀಲ್ಡ್‌ನಲ್ಲಿ. ಮನೆತನದ ಕಸುಬು ಕುಡುಗೋಲು, ಕತ್ತಿಯಂಥ ಹರಿತದ ಹತ್ಯಾರು ತಯಾರಿಸುವುದು. ಅಂದರೆ ಕಬ್ಬಿಣದ ಕೆಲಸದವರ ಮನೆ ಹುಡುಗಿ. ಅಪ್ಪ ವಿಜ್ಞಾನ ಓದಿದವರು. ಹುಡುಗಿಯರಿಗೆ ವಿಜ್ಞಾನ, ಗಣಿತ ಸರಿಯಾಗಿ ಕಲಿಸುತ್ತಿದ್ದ ಚೆಲ್ಟನ್‌ಹ್ಯಾಮ್ ಲೇಡೀಸ್ ಕಾಲೇಜಿಗೆ ಲೂಸಿ ಸೇರಿದರು. 1907ರಲ್ಲಿ ಕೇಂಬ್ರಿಡ್ಜಿನ ನ್ಯೂನ್‌ಹ್ಯಾಮ್ ಕಾಲೇಜಿಗೆ ಹೋಗಿ ಸಸ್ಯಶಾಸ್ತ್ರ ಮತ್ತು ಭೂವಿಜ್ಞಾನ ಓದಿದರು.

ಬ್ಯಾಕ್‌ಲಾಗ್ ಇರುವ ಗೆಳೆಯರು ಇಲ್ಲಿ ಸ್ವಲ್ಪ ಗಮನ ಕೊಡಿ. 1911ರ ಕೊನೇ ಪರೀಕ್ಷೆಯಲ್ಲಿ ಲೂಸಿಗೆ ಸಿಕ್ಕಿದ್ದು ಥರ್ಡ್ ಕ್ಲಾಸ್. ಅದೂ ಪದವಿ ಇಲ್ಲದ ಥರ್ಡ್ ಕ್ಲಾಸ್. ಆಗ ಕೇಂಬ್ರಿಡ್ಜಿನಲ್ಲಿ ಹೆಣ್ಣುಮಕ್ಕಳು ಪಾಠ ಕೇಳಬಹುದಿತ್ತು, ಪರೀಕ್ಷೆ ಬರೀಬಹುದಿತ್ತು, ಆದರೆ ಡಿಗ್ರಿ ಮಾತ್ರ ಕೊಡ್ತಿರಲಿಲ್ಲ. ಅದು ಬದಲಾಗೋಕೆ 1948ರವರೆಗೆ ಕಾಯಬೇಕಾಯ್ತು.

ಅದೇ 1911ರಲ್ಲಿ ಅಪ್ಪ ತೀರಿಕೊಂಡರು. ಎರಡು ವರ್ಷದಲ್ಲಿ ಅಕ್ಕ ಈಡಿತ್ ಕೂಡ 26ನೇ ವಯಸ್ಸಿಗೇ ಹೋದರು. ಲೂಸಿ ಅಮ್ಮನ ಜೊತೆ ಸಿಲೋನಿಗೆ ಹೋಗಿಬಂದರು. 1914ರಲ್ಲಿ ತಮ್ಮನ ಜೊತೆ ದಕ್ಷಿಣ ಆಫ್ರಿಕಾಕ್ಕೆ ಹೋದಾಗ ಮೊದಲ ಮಹಾಯುದ್ಧ ಶುರುವಾಯಿತು. ಕೇಪ್‌ಟೌನಿನ ಆಸ್ಪತ್ರೆಯಲ್ಲಿ ಕೆಲವು ವಾರ ಸ್ವಯಂಸೇವಕಿಯಾಗಿ ರೋಗಿಗಳ ಸೇವೆ ಮಾಡಿದರು. ವಾಪಸ್ ಬಂದವರೇ 1915ರಲ್ಲಿ ಲಂಡನ್ನಿನ ಮಹಿಳಾ ವೈದ್ಯಕೀಯ ಕಾಲೇಜಿಗೆ ಸೇರಿದರು. ಗಿಡ, ಕಲ್ಲು ಓದಿದವರು 27ರ ಹತ್ತಿರದ ವಯಸ್ಸಿಗೆ ಹೊಸದಾಗಿ ಡಾಕ್ಟರ್ ಓದು ಹಿಡಿದರು. ಈಗ ಬ್ರಾಂಚ್ ಚೇಂಜ್ ಅಂತೀವಲ್ಲ, ಹಾಗೆ.

ಆ ಕಾಲೇಜಿಗೂ ಭಾರತಕ್ಕೂ ಹಳೇ ನಂಟು. ಅಲ್ಲಿ ಓದಿದ ಭಾರತದ ಹೆಣ್ಣುಮಕ್ಕಳಲ್ಲಿ ನಮ್ಮ ಶಿವಮೊಗ್ಗದಲ್ಲಿ ಹುಟ್ಟಿದ ಜೆರುಶಾ ಝಿರಾಡ್ ಒಬ್ಬರು. 1919ರಲ್ಲಿ ಅಲ್ಲಿಂದ ಎಂ.ಡಿ. ಮುಗಿಸಿ ಬಂದು, ಮುಂದೆ ಮುಂಬೈನ ಕಾಮಾ ಆಸ್ಪತ್ರೆಯ ಮುಖ್ಯಸ್ಥೆಯಾಗಿ ಸಾವಿರಾರು ಬಾಣಂತಿಯರನ್ನು ನೋಡಿಕೊಂಡರು. ಲೂಸಿ 1920ರಲ್ಲಿ ಡಾಕ್ಟರಾದರು. ಆದರೆ ಕ್ಲಿನಿಕ್ ಹಾಕಲಿಲ್ಲ. ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಬಸುರಿಯರ ರಕ್ತ, ಮೂತ್ರ ಪರೀಕ್ಷೆ ಮಾಡುವ ಸಂಶೋಧನೆಗೆ ಕೂತರು.

1928ರಲ್ಲಿ ಅವರಿಗೆ ಭಾರತದಿಂದ ಕರೆ ಬಂತು. ಕರೆದವರು ಇಲ್ಲಿ ಕೆಲಸ ಮಾಡುತ್ತಿದ್ದ ಡಾ. ಮಾರ್ಗರೆಟ್ ಬಾಲ್ಫರ್. ಮುಂಬೈನ ಬಟ್ಟೆ ಗಿರಣಿಗಳಲ್ಲಿ ದುಡಿಯುತ್ತಿದ್ದ ಬಡ ಹೆಂಗಸರು ಬಸುರಾದಾಗ ರಕ್ತಹೀನತೆಯಿಂದ ಸಾಯುತ್ತಿದ್ದರು. ಯಾಕೆ ಅಂತ ತಿಳಿಯಬೇಕಿತ್ತು. ಲೂಸಿ ಹಾಫ್‌ಕಿನ್ ಸಂಸ್ಥೆಯಲ್ಲಿ ಕೆಲಸ ಶುರುಮಾಡಿದರು.

ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಒಂದು ವಿಚಿತ್ರ ಕಂಡಿತು. ಕಬ್ಬಿಣ ಕಡಿಮೆಯಾದರೆ ಕೆಂಪು ರಕ್ತಕಣಗಳು ಸಣ್ಣದಾಗಿ, ಮಾಸಲಾಗಿ ಕಾಣಬೇಕು. ಈ ಹೆಂಗಸರಲ್ಲಿ ಕಣಗಳು ಮಾಮೂಲಿಗಿಂತ ದಪ್ಪ ಇದ್ದವು. ಅಂದರೆ ಕೊರತೆ ಇದ್ದದ್ದು ಬೇರೆ ಯಾವುದರದ್ದೋ. ಮೊದಲು ಸೋಂಕು ಇರಬಹುದಾ ಅಂತ ನೋಡಿದರು, ಅಲ್ಲ ಅಂತಾಯ್ತು. ಆಮೇಲೆ ಹೆಂಗಸರ ಊಟದ ಕಡೆ ತಿರುಗಿದರು. ಬಡವರ ಊಟದಲ್ಲಿ ಹಣ್ಣು, ಸೊಪ್ಪು, ಹಾಲು ಬಹಳ ಕಮ್ಮಿ ಇತ್ತು.

1929ರ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಲೂಸಿ ತಮ್ಮ ಕೆಲಸವನ್ನು ಕೂನೂರಿನ ಪಾಶ್ಚರ್ ಸಂಸ್ಥೆಗೆ ಸಾಗಿಸಿದರು. ಅಲ್ಲಿ ಆಹಾರ ಸಂಶೋಧನೆಯ ಮುಖ್ಯಸ್ಥರಾಗಿದ್ದವರು ರಾಬರ್ಟ್ ಮೆಕ್‌ಕ್ಯಾರಿಸನ್. ಅವರು 1918ರಲ್ಲಿ ಬೆರಿಬೆರಿ ರೋಗದ ವಿಚಾರಣೆಗೆ ಅಂತ ಒಂದೇ ಕೋಣೆಯಲ್ಲಿ ಶುರುಮಾಡಿದ ಪ್ರಯೋಗಾಲಯ ಅದು. 1958ರಲ್ಲಿ ಅದೇ ಹೈದರಾಬಾದಿಗೆ ಹೋಗಿ ಈಗಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯಾಯಿತು. ನಮ್ಮ ದೇಶದ ಅಕ್ಕಿ, ರಾಗಿ, ಬೇಳೆಯಲ್ಲಿ ಏನೇನು ಎಷ್ಟಿದೆ ಅಂತ ಹೇಳುವ ಪಟ್ಟಿಗಳ ತವರು ನಮ್ಮ ಪಕ್ಕದ ಬೆಟ್ಟ ಅಂತ ನನಗೆ ಗೊತ್ತೇ ಇರಲಿಲ್ಲ.

ಮುಂಬೈನ ಬಡ ಹೆಂಗಸರು ತಿನ್ನೋದನ್ನೇ ಇಲಿಗಳಿಗೆ ಕೊಟ್ಟು ನೋಡಿದರು. ಬಸುರಿ ಇಲಿಗಳಿಗೂ ರಕ್ತಹೀನತೆ ಬಂತು. ಆಹಾರಕ್ಕೆ ಯೀಸ್ಟ್ ಸೇರಿಸಿದರೆ ಬರಲಿಲ್ಲ. ಪ್ರಯೋಗ ಗೆದ್ದಿತು ಅಂದುಕೊಳ್ಳುವಾಗಲೇ ಒಂದು ಎಡವಟ್ಟು ಗೊತ್ತಾಯ್ತು: ಇಲಿಗಳ ಮೈಮೇಲಿನ ಹೇನು ಹರಡಿದ ಒಂದು ಸೋಂಕೂ ಅವುಗಳ ರಕ್ತವನ್ನು ಹಾಳುಮಾಡಿತ್ತು. ಲ್ಯಾಬಲ್ಲಿ ರೀಡಿಂಗ್ ಸರಿ ಬಂದು ಕನೆಕ್ಷನ್ ತಪ್ಪಿದ್ದಾಗ ಆಗುವ ಹೊಟ್ಟೆಯುರಿ ನಮಗೂ ಗೊತ್ತಲ್ವಾ. ಲೂಸಿ ಇಲಿ ಬಿಟ್ಟು ಕೋತಿಗಳ ಮೇಲೆ ಪ್ರಯೋಗ ನಡೆಸಿದರು. ಸೊರಗಿದ್ದ ಕೋತಿಯೊಂದಕ್ಕೆ ಬೇರೇನೂ ನಾಟದಿದ್ದಾಗ ಮಾರ್ಮೈಟ್ ತಿನ್ನಿಸಿದರು. ಮಾರ್ಮೈಟ್ ಅಂದರೆ ಬ್ರೆಡ್ಡಿಗೆ ಹಚ್ಚಿಕೊಳ್ಳುವ ಕಪ್ಪನೆಯ ಯೀಸ್ಟ್ ಸಾರ, ಬಡವರಿಗೂ ಎಟುಕುವ ಬೆಲೆಯದ್ದು. ಕೋತಿ ಚೇತರಿಸಿಕೊಂಡಿತು. ಬಸುರಿಯರಿಗೆ ಕೊಟ್ಟರು. ಅವರೂ ಚೇತರಿಸಿಕೊಂಡರು. 1931ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಈ ವಿಷಯ ಪ್ರಕಟವಾಯಿತು.

ಆಗ ರಕ್ತಹೀನತೆಗೆ ಲಿವರ್ ಸಾರ ಕೊಡುವುದು ರೂಢಿ. ಚೆನ್ನಾಗಿ ಶುದ್ಧ ಮಾಡಿದ ಲಿವರ್ ಸಾರ ಈ ಹೆಂಗಸರಿಗೆ ನಾಟಲಿಲ್ಲ, ಒರಟು ಸಾರ ನಾಟಿತು. ಶುದ್ಧ ಮಾಡುವಾಗ ಯಾವುದೋ ಒಂದು ವಸ್ತು ಕಳೆದುಹೋಗ್ತಿದೆ, ಅದು ಹೊಸದು ಅಂತ ಲೂಸಿ ತರ್ಕ ಮಾಡಿದರು. ಆ ಹೆಸರಿಲ್ಲದ ವಸ್ತುವನ್ನು ಜನ ವಿಲ್ಸ್ ಫ್ಯಾಕ್ಟರ್ ಅಂದರು. 1941ರಲ್ಲಿ ಅಮೆರಿಕದಲ್ಲಿ ಪಾಲಕ್ ಸೊಪ್ಪಿನಿಂದ ಅದನ್ನು ಬೇರ್ಪಡಿಸಿದಾಗ, ಎಲೆ ಎಂಬ ಅರ್ಥದ ಲ್ಯಾಟಿನ್ ಪದದಿಂದ ಫೋಲಿಕ್ ಆಮ್ಲ ಅಂತ ಹೆಸರಾಯಿತು. 1945ರಲ್ಲಿ ಅದನ್ನು ಕೃತಕವಾಗಿ ತಯಾರಿಸಿದ ತಂಡದ ಮುಂದಾಳು ನಮ್ಮ ಪಕ್ಕದ ಆಂಧ್ರದ ಯೆಲ್ಲಾಪ್ರಗಡ ಸುಬ್ಬರಾವ್.

ಇಷ್ಟಾದರೂ ಲೂಸಿ ಕಬ್ಬಿಣವನ್ನು ಮರೆಯಲಿಲ್ಲ. ಎರಡನೇ ಮಹಾಯುದ್ಧದಲ್ಲಿ ಇಂಗ್ಲೆಂಡಿನಲ್ಲಿ ಊಟಕ್ಕೆ ರೇಷನ್ ಬಂತು. ಬಸುರಿಯರ ರಕ್ತದ ಗತಿ ಏನು? ಕಬ್ಬಿಣ ಕೊಟ್ಟವರನ್ನೂ ಕೊಡದವರನ್ನೂ ಹೋಲಿಸುವ ಪರೀಕ್ಷೆಯನ್ನು ಲೂಸಿ ತಮ್ಮ ಜೊತೆಗಾರರೊಂದಿಗೆ ನಡೆಸಿದರು. 1944ರ ಜುಲೈನಲ್ಲಿ ಜರ್ಮನಿಯ ವಿ-1 ಹಾರುಬಾಂಬ್ ನೇರವಾಗಿ ಆಸ್ಪತ್ರೆಗೇ ಬಡಿದು ಹಲವರು ಸತ್ತರು. ಪ್ರಯೋಗಾಲಯದ ಕೆಲಸ ನಿಂತದ್ದು ಕೆಲವೇ ದಿನ. ವರದಿ 1947ರಲ್ಲಿ ಪ್ರಕಟವಾಯಿತು. ಸಣ್ಣ ಕಣಕ್ಕೆ ಕಬ್ಬಿಣ, ದಪ್ಪ ಕಣಕ್ಕೆ ಫೋಲಿಕ್ ಆಮ್ಲ. ಇವೆರಡೂ ಈಗ ಒಂದೇ ಮಾತ್ರೆಯಲ್ಲಿ ನಮ್ಮ ಮನೆ ಬಾಗಿಲಿಗೆ ಬರ್ತಿವೆ.

ಈಗ ಸಿಸ್ಟರ್ ಹೇಳಿದ ನಿಂಬೆಹಣ್ಣಿನ ವಿಷಯ. ಇದು ಲೂಸಿ ಕಾಲದಲ್ಲಿ ಪೂರ್ತಿ ಬಿಡಿಸಿರದ ಒಗಟು. ರಾಗಿ, ಸೊಪ್ಪಿನಲ್ಲಿರುವ ಕಬ್ಬಿಣ ಹೆಚ್ಚಾಗಿ ಫೆರಿಕ್ ರೂಪದಲ್ಲಿರುತ್ತೆ, ಅಂದರೆ ಮೂರು ಎಲೆಕ್ಟ್ರಾನ್ ಕಳಕೊಂಡದ್ದು. ಸಣ್ಣ ಕರುಳಿನ ಮೊದಲ ಭಾಗದ ಜೀವಕೋಶಗಳು ಅದನ್ನು ಹಾಗೇ ಒಳಗೆ ಬಿಟ್ಟುಕೊಳ್ಳಲ್ಲ. ಕೋಶದ ಹೊರಮೈಯಲ್ಲಿ ಡಿಸೈಟ್-ಬಿ ಅನ್ನೋ ಕಿಣ್ವ ಇದೆ. ಅದು ಒಂದು ಎಲೆಕ್ಟ್ರಾನ್ ಕೊಟ್ಟು ಫೆರಿಕ್ ಅನ್ನು ಫೆರಸ್ ಮಾಡುತ್ತೆ. ಆಮೇಲೆ ಡಿಎಂಟಿ-1 ಅನ್ನೋ ಗೇಟು ಅದನ್ನು ಒಂದು ಪ್ರೋಟಾನ್ ಜೊತೆ ಒಳಗೆ ಸಾಗಿಸುತ್ತೆ. ನಿಂಬೆಯ ವಿಟಮಿನ್ ಸಿ ಎಲೆಕ್ಟ್ರಾನ್ ಕೊಡುವುದರಲ್ಲಿ ಧಾರಾಳಿ, ಕಬ್ಬಿಣ ಕರಗಿಯೇ ಇರುವ ಹಾಗೂ ನೋಡಿಕೊಳ್ಳುತ್ತೆ. ಟೀಯಲ್ಲಿರುವ ಟ್ಯಾನಿನ್, ರಾಗಿಯಲ್ಲಿರುವ ಫೈಟೇಟ್ ಮಾತ್ರ ಕಬ್ಬಿಣವನ್ನು ಹಿಡಿದಿಟ್ಟುಕೊಂಡು ಗೇಟಿನ ಹತ್ತಿರಕ್ಕೇ ಬಿಡಲ್ಲ. ರಾಗಿಯನ್ನು ನೆನೆಸಿ ಮೊಳಕೆ ಬರಿಸಿದರೆ ಫೈಟೇಟ್ ಕಮ್ಮಿಯಾಗುತ್ತೆ. ಅಜ್ಜಿಯರು ಮಗುವಿಗೆ ಅಂತ ಮಾಡುವ ಮೊಳಕೆ ರಾಗಿಹಿಟ್ಟಿನ ಹಿಂದಿನ ಕೆಮಿಸ್ಟ್ರಿ ಇದು.

ಒಳಗೆ ಬಂದ ಕಬ್ಬಿಣ ರಕ್ತಕ್ಕೆ ಇಳಿಯಬೇಕಾದರೆ ಇನ್ನೊಂದು ಗೇಟು ಬೇಕು, ಅದು ಫೆರೋಪೋರ್ಟಿನ್. ರಕ್ತದಲ್ಲಿ ಹೊತ್ತೊಯ್ಯುವ ಪ್ರೋಟೀನು ಹತ್ತಿಸಿಕೊಳ್ಳೋದು ಮತ್ತೆ ಫೆರಿಕ್ ರೂಪವನ್ನೇ. ಹಾಗಾಗಿ ಕೊಟ್ಟ ಎಲೆಕ್ಟ್ರಾನನ್ನು ಬಾಗಿಲಲ್ಲೇ ವಾಪಸ್ ಕಿತ್ಕೋಬೇಕು. ಆ ಕೆಲಸ ಮಾಡುವ ಹೆಫೆಸ್ಟಿನ್‌ಗೆ ಗ್ರೀಕರ ಕಮ್ಮಾರ ದೇವರ ಹೆಸರು. ಈ ಕಮ್ಮಾರನ ಕೈಯಲ್ಲಿರೋದು ತಾಮ್ರ! ತಾಮ್ರ ಇಲ್ಲದಿದ್ದರೆ ಹೆಫೆಸ್ಟಿನ್ ಕೆಲಸ ಮಾಡಲ್ಲ, ಕಬ್ಬಿಣ ಕೋಶದೊಳಗೇ ಸಿಕ್ಕಿಕೊಳ್ಳುತ್ತೆ. ಲೂಸಿ ಭಾರತಕ್ಕೆ ಬಂದ ಅದೇ 1928ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಹಾರ್ಟ್, ಎಲ್ವೆಜೆಮ್ ಮತ್ತು ಜೊತೆಗಾರರು ಬರೀ ಹಾಲು ಕುಡಿದು ಸೊರಗಿದ್ದ ಇಲಿಗಳಿಗೆ ಕಬ್ಬಿಣ ಕೊಟ್ಟರೆ ಸಾಲದು, ಚೂರು ತಾಮ್ರವೂ ಬೇಕು ಅಂತ ತೋರಿಸಿದ್ದರು. ತಾಮ್ರವೂ ಕೋಶಕ್ಕೆ ಬರುವ ಮುಂಚೆ ಹೀಗೇ ಒಂದು ಎಲೆಕ್ಟ್ರಾನ್ ಪಡೆದು, ಸಿಟಿಆರ್-1 ಅನ್ನೋ ತನ್ನದೇ ಗೇಟಿನಿಂದ ಒಳಗೆ ಬರುತ್ತೆ.

ಇಷ್ಟೊಂದು ಕಾವಲು ಯಾಕೆ? ಮೈಯಲ್ಲಿರುವ ಕಬ್ಬಿಣವೆಲ್ಲ ಸೇರಿ 3-4 ಗ್ರಾಂ. ದಿನಕ್ಕೆ ಒಳಗೆ ಬರೋದು 1-2 ಮಿಲಿಗ್ರಾಂ. ಹೆಚ್ಚಾದದ್ದನ್ನು ಹೊರಹಾಕುವ ದಾರಿ ದೇಹಕ್ಕಿಲ್ಲ. ಡ್ರೈನ್ ವಾಲ್ವ್ ಇಲ್ಲದ ಟ್ಯಾಂಕಿಗೆ ಇನ್‌ಲೆಟ್ ವಾಲ್ವ್ ಬಿಗಿಯಾಗಿರಲೇಬೇಕು. ಅದನ್ನು ತಿರುಗಿಸುವ ಕೈ ಲಿವರ್‌ನಿಂದ ಬರುವ ಹೆಪ್ಸಿಡಿನ್ ಹಾರ್ಮೋನು. ಈ ಗೇಟು, ಕಿಣ್ವ, ಹಾರ್ಮೋನುಗಳಲ್ಲಿ ಬಹುಪಾಲು ಪತ್ತೆಯಾದದ್ದು 1997ರಿಂದ ಈಚೆಗೆ. ಲೂಸಿ ಇವ್ಯಾವುದನ್ನೂ ನೋಡದೆ, ತಟ್ಟೆಯಲ್ಲೇನಿದೆ ಮತ್ತು ರಕ್ತದಲ್ಲೇನಿದೆ ಅನ್ನೋ ಎರಡು ತುದಿ ಹಿಡಿದುಕೊಂಡೇ ಕೆಲಸ ಮಾಡಿದ್ದರು.

1947ರಲ್ಲಿ ನಿವೃತ್ತರಾದ ಮೇಲೂ ಸುಮ್ಮನೆ ಕೂರಲಿಲ್ಲ. ಜಮೈಕಾ, ಫಿಜಿ, ದಕ್ಷಿಣ ಆಫ್ರಿಕಾದಲ್ಲಿ ಊಟ ಮತ್ತು ರಕ್ತಹೀನತೆಯ ಕೆಲಸ ಮುಂದುವರಿಸಿದರು. ಮದುವೆಯಾಗಲಿಲ್ಲ. ಕೆಲಸಕ್ಕೆ ಸೈಕಲ್ಲಲ್ಲಿ ಹೋಗ್ತಿದ್ದರು. ಕೊನೇ ಹತ್ತು ವರ್ಷ ಲಂಡನ್ನಿನ ಚೆಲ್ಸಿಯಲ್ಲಿ ಲೇಬರ್ ಪಕ್ಷದ ಕೌನ್ಸಿಲರ್ ಆಗಿದ್ದರು. 1964ರ ಏಪ್ರಿಲ್‌ನಲ್ಲಿ ತೀರಿಕೊಂಡರು. ಬಸುರಿನ ಶುರುವಿನಲ್ಲೇ ಫೋಲಿಕ್ ಆಮ್ಲ ಕೊಟ್ಟರೆ ಮಕ್ಕಳ ಬೆನ್ನುಹುರಿಯ ಹುಟ್ಟುದೋಷಗಳನ್ನು ಬಹುಪಾಲು ತಡೆಯಬಹುದು ಅಂತ 1991ರಲ್ಲಿ ಖಚಿತವಾದಾಗ ನೋಡೋಕೆ ಅವರಿರಲಿಲ್ಲ.

ರಜೆಗೆ ಊರಿಗೆ ಹೋದಾಗ ಅಮ್ಮನನ್ನೂ ಪರೀಕ್ಷೆಗೆ ಕರಕೊಂಡು ಹೋದೆ. 8.9 ಬಂತು. ಗುಂಡ್ಲುಪೇಟೆ ಕಡೆ ಚೆಂಡುಹೂವು ಬಿಡಿಸೋ ಕಾಲದಲ್ಲಿ ಬೆಳಗ್ಗೆಯಿಂದ ಬಾಗಿ ನಿಂತಿರೋ ಹೆಂಗಸು. ಸುಸ್ತು ಅಂದರೆ ವಯಸ್ಸಾಯ್ತು ಕನಾ ಅಂತ ತಾನೇ ಉತ್ತರ ಹೇಳ್ಕೋತಾಳೆ. ಮನೇಲಿ ಎಲ್ಲರದ್ದೂ ಆದಮೇಲೆ ಉಣ್ಣೋದು, ಉಂಡ ಕೂಡಲೇ ಒಂದು ಲೋಟ ಟೀ. ಹಿಂದೆ ಯಾವಾಗಲೋ ಕೊಟ್ಟ ಮಾತ್ರೆಗಳು ಹೊಟ್ಟೆ ತೊಳಸುತ್ತೆ ಅಂತ ಡಬ್ಬಿಯಲ್ಲೇ ಇದ್ದವು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ದೇಶದಲ್ಲಿ ನೂರಕ್ಕೆ 57 ಜನರಿಗೆ ರಕ್ತಹೀನತೆ ಇದೆ. ಆ 57ರಲ್ಲಿ ಅಮ್ಮನೂ ಇದ್ದಾಳೆ, ನಾನೂ ಇದ್ದೀನಿ ಅಂತ ಅವತ್ತೇ ಗೊತ್ತಾಗಿದ್ದು.

ಡಾಕ್ಟರು ಹೇಳಿದ ಹಾಗೆ ಇಬ್ಬರೂ ಮಾತ್ರೆ ಶುರುಮಾಡಿದ್ವಿ. ಟೀಯನ್ನ ಊಟದಿಂದ ಎರಡು ಗಂಟೆ ದೂರ ಇಟ್ವಿ. ಸೊಪ್ಪಿನ ಸಾರಿಗೆ ನಿಂಬೆ ಹಿಂಡ್ತೀವಿ. ಮೂರು ತಿಂಗಳಾದ ಮೇಲೆ ಅಮ್ಮಂದು 10.8, ನಂದು 12.1. ಮುಂದಿನ ಶಿಬಿರಕ್ಕೆ ಇನ್ನೂ 0.4 ಬಾಕಿ ಇದೆ. ಹಾಸ್ಟೆಲ್ಲಿನ ಉಳಿದ ಐದು ಜನಕ್ಕೂ ಹೇಳಿದ್ದೀನಿ, ನೀವೂ ಒಮ್ಮೆ ನೋಡಿಸ್ಕೊಳ್ಳಿ. ಮನೇಲಿ ಕೊನೆಗೆ ಉಣ್ಣುವವರು ಯಾರು ಅಂತಾನೂ ಒಮ್ಮೆ ನೋಡಿ.